ಹಲಗೆಯ ಮುಂದಿನ ಎರೆಮಣ್ಣು

ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಬರಿಗಣ್ಣಿಂದ ನೋಡಿದ ಯಾವ ಜಿಗಿತವನ್ನೂ ನಂಬಿದವರಲ್ಲ. ಟ್ರಿಪಲ್ ಜಂಪಿನಲ್ಲಿ ಕಾಲೂರಿ ಚಿಮ್ಮುವ ಹಲಗೆಯ ಮುಂದೆ ಹಸಿ ಎರೆಮಣ್ಣು ಮೆತ್ತಿಸುತ್ತಿದ್ದರು. ಹಲಗೆ ದಾಟಿದ ಕಾಲಿನ ಗುರುತು ಅದರಲ್ಲಿ ಮೂಡಿದರೆ ಆ ಜಿಗಿತ ರದ್ದು. ಯಾರು ಎಷ್ಟೇ ಚಪ್ಪಾಳೆ ಹೊಡೆದರೂ ಅವರದು ಒಂದೇ ಮಾತು: "ತಡೀರಿ, ಮೊದಲ ಮಣ್ಣ ನೋಡೂಣು."

ಒಮ್ಮೆ ಬಬಲೇಶ್ವರದ ಕ್ರೀಡಾಕೂಟದಲ್ಲಿ ಹಲಗೆಯ ಪಕ್ಕ ಬಾವುಟ ಹಿಡಿದು ಕೂತಿದ್ದವನು ಗಣಿತ ಕಲಿಸುವ ನಾನು. ನಮ್ಮ ಶಾಲೆಯ ಹುಡುಗ ಎಲ್ಲರಿಗಿಂತ ದೂರ ಹಾರಿದ. ಜಿಗಿತ ಸರಿಯಿದೆಯೆಂದು ನಾನು ಬಿಳಿ ಬಾವುಟ ಎತ್ತಿದೆ. ಮಾಸ್ತರರು ಬಂದು, ಕನ್ನಡಕ ಹಣೆಗೇರಿಸಿ, ಮೊಣಕಾಲೂರಿ ಬಗ್ಗಿದರು.

"ಇಲ್ಲಷ್ಟ ಮಣ್ಣ ಯಾಕ ಇಷ್ಟು ನುಣ್ಣಗ ಐತ್ರಿ?"

"ಗುರುತು ಬಿದ್ದಿಲ್ಲಲ್ರಿ ಸರ್," ಎಂದೆ.

ಅವರು ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಬಿಸಿಲಿಗೆ ತಿರುಗಿಸಿದರು. ಉಗುರಿನ ಸಂದಿಯಲ್ಲಿ ಹಸಿ ಮಣ್ಣಿತ್ತು. ಕೆಂಪು ಬಾವುಟವನ್ನು ತಾವೇ ಎತ್ತಿದರು.

ಅವರು ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ತಿಕೋಟಾದ ಅವರ ಮನೆಗೆ ಹೋಗಿದ್ದೆ. ಟಿವಿಯಲ್ಲಿ ಅಂತರರಾಷ್ಟ್ರೀಯ ಒಳಾಂಗಣ ಕೂಟದ ಪುರುಷರ ಟ್ರಿಪಲ್ ಜಂಪ್ ನಡೆದಿತ್ತು. ಕೊನೆಯ ಜಿಗಿತಗಾರ ಮರಳಿಗೆ ಬಿದ್ದ, ಬಿಳಿ ಬಾವುಟ ಮೇಲೇರಿತು, ಜನ ಎದ್ದು ನಿಂತರು. ಮಾಸ್ತರರು ಕನ್ನಡಕ ಹಣೆಗೇರಿಸಿದರು.

"ಈಗ ಮಣ್ಣಿನ ಕೆಲಸಿಲ್ರಿ ಸರ್. ಹಲಗಿ ಮ್ಯಾಲ ಕ್ಯಾಮೆರಾ ಇಟ್ಟಿರ್ತಾರ," ಎಂದೆ.

"ಹೌದೇನ್ರಿ? ಕ್ಯಾಮೆರಾ ನೋಡಾಕ ಯಾರನ್ನ ಕುಂಡರಿಸ್ಯಾರ?"

ಹಾಗೆ ಕೇಳುವಾಗ ಅವರ ಕಣ್ಣು ಟಿವಿಯ ಮೇಲಿರಲಿಲ್ಲ. ಚಹಾದ ಕಪ್ಪು ಹಿಡಿದಿದ್ದ ನನ್ನ ಹೆಬ್ಬೆರಳಿನ ಮೇಲಿತ್ತು.