ಏಳು ನಿಮಿಷದವರ ಕಾಗದ

ಉಕಾಯ್‌ಸಾನ್‌ಗೆ ಒಂದೇ ಒಂದು ಕಾಗದ ಬರಬೇಕಿತ್ತು. ಅದು ನನ್ನ ಹತ್ತಿರವಿತ್ತು. ಅದನ್ನು ನಾನೇ ನನ್ನ ಈ ಹೆಬ್ಬೆರಳಿನಿಂದ ಒತ್ತಿ ಅಳಿಸಿ ಹಾಕಿದೆ. ಮರ್ಯಾದಸ್ಥೆ ಅನ್ನಿಸಿಕೊಳ್ಳಬೇಕಿತ್ತಲ್ಲ, ಅದಕ್ಕೆ! ನೆನೆಸಿಕೊಂಡರೆ ಇವತ್ತಿಗೂ ಕೆನ್ನೆಗೆ ಎರಡು ಬಿಗಿದುಕೊಳ್ಳೋಣ ಅನ್ನಿಸುತ್ತದೆ.

ಉಕಾಯ್‌ಸಾನ್ ನಮ್ಮ ಸ್ಟೇಷನ್ನಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ಟಿಗೆ ತೂತು ಹಾಕುತ್ತಿದ್ದವರು. ತಾನಾಗಿಯೇ ತೆರೆಯುವ ಗೇಟು ಬಂದ ಮೇಲೆ ಅವರ ಕೆಲಸ ಹೋಯಿತು. ಮದುವೆ ಆಗಿರಲಿಲ್ಲ, ಹೋಗಲು ಬೇರೆ ಊರೂ ಇರಲಿಲ್ಲ. ಸ್ಟೇಷನ್ನಿನ ಎದುರಿನ ಅಂಗಡಿ ಸಾಲಿನಲ್ಲಿ, ಓಬಾಸಾನ್ ಎನ್ನುವ ಹೆಂಗಸಿನ ಆಲೂಗಡ್ಡೆ ಬೋಂಡಾದಂಥ ಕೊರೊಕೆಯ ಅಂಗಡಿಗೆ ಎದುರಾಗಿಯೇ ಒಂದು ಗೂಡು ಹಿಡಿದು, ಕೈಯಲ್ಲಿ ಹಿಡಿದು ಆಡುವ ಗೇಮುಗಳ ಹಳೆಯ ಕ್ಯಾಸೆಟ್ ಮಾರಲು ಕೂತರು.

ಗಿರಾಕಿ ಒಳಗೆ ಕಾಲಿಟ್ಟರೆ ಯಾವ ಗೇಮು ಬೇಕು ಎಂದು ಅವರು ಕೇಳುತ್ತಿರಲಿಲ್ಲ.

"ಎಲ್ಲಿ ಹತ್ತೋದು, ಎಲ್ಲಿ ಇಳಿಯೋದು?"

ಹೇಳಿದರೆ ಮುಗಿಯಿತು, ನಿಮಿಷ ಅವರ ನಾಲಗೆಯ ಮೇಲೇ ಇರುತ್ತಿತ್ತು. ಆಮೇಲೆ ಇನ್ನೆರಡು ಪ್ರಶ್ನೆ. ಕೂರಲು ಜಾಗ ಸಿಗುತ್ತದಾ, ನಿಂತೇ ಹೋಗಬೇಕಾ? ನಿಲ್ಲುವವರಿಗೆ ಒಂದೇ ಕೈಯಲ್ಲಿ ಆಡುವಂಥದ್ದು, ಇನ್ನೊಂದು ಕೈ ಹಿಡಿಕೆಗೆ. ಕಿವಿಗೆ ಹಾಕುವ ವಯರು ಇದೆಯಾ? ಇಲ್ಲದವರಿಗೆ ಸದ್ದಿಲ್ಲದೆಯೂ ಆಡಲಾಗುವಂಥದ್ದು. ಉದ್ದುದ್ದ ಕಥೆಯ ಗೇಮುಗಳು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದವು.

"ಬಾಗಿಲು ತೆರೆದಾಗ ತಟ್ಟನೆ ಮುಚ್ಚೋಕಾಗಬೇಕು. ಮಾರನೇ ದಿನ ತೆಗೆದ್ರೆ ಎಲ್ಲಿದ್ದೆ ಅಂತ ತಲೆ ಕೆರ್ಕೋಬಾರದು. ಅಷ್ಟಿದ್ರೆ ಒಳ್ಳೇ ಗೇಮು" ಎನ್ನುತ್ತಿದ್ದರು. ಒಂದೇ ಸ್ಟೇಷನ್ ಹೋಗುವ ಒಬ್ಬರಿಗೆ "ಮೂರು ನಿಮಿಷಕ್ಕೆ ಆಟ ಯಾಕ್ರೀ? ಕಿಟಕಿ ಇದೆ, ನೋಡಿ" ಎಂದು ಬರಿಗೈಯಲ್ಲಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಓಬಾಸಾನ್ ಕೊರೊಕೆ ಕರಿಯುತ್ತಲೇ ಅಲ್ಲಿಂದ ಕೂಗುವರು: "ಹೆಣ್ಣು ನೋಡೋಕೆ ಹೋದವರೂ ಇಷ್ಟು ಪ್ರಶ್ನೆ ಕೇಳಲ್ಲ ಕಣ್ರೀ ಉಕಾಯ್‌ಸಾನ್! ಅದಕ್ಕೇ ಒಬ್ಬರೇ ಉಳ್ಕೊಂಡಿದ್ದು!"

ಉಕಾಯ್‌ಸಾನ್ ತಲೆ ಎತ್ತದೆ ಹೇಳುವರು: "ಎಣ್ಣೆ ನೋಡ್ಕೊಳ್ಳಿ, ಸೀಯ್ತಿದೆ."

ನಾನು ಎರಡು ಸ್ಟೇಷನ್ ಆಚೆಯ ಮೂಲಂಗಿ ಉಪ್ಪಿನಕಾಯಿ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವವಳು. ನಲವತ್ತಾರು ವಯಸ್ಸು, ಒಂದು ಕೋಣೆ, ಒಂದು ಅನ್ನದ ಕುಕ್ಕರು. ಬಾಯಿ ಜೋರು ಎಂದು ಕಾರ್ಖಾನೆಯಲ್ಲಿ ಯಾರೂ ನನ್ನ ಪಕ್ಕ ಕೂರುತ್ತಿರಲಿಲ್ಲ. ರೈಲಿನಲ್ಲಿ ಎಲ್ಲರ ಕೈಯಲ್ಲೂ ಏನೋ ಒಂದು ಇರುತ್ತಿತ್ತು, ನನ್ನ ಕೈ ಮಾತ್ರ ಖಾಲಿ. ಒಂದು ಸೆಪ್ಟೆಂಬರಿನಲ್ಲಿ ಹಳೆಯ ಗೇಮು ಯಂತ್ರವೊಂದನ್ನು ಕೊಂಡುಕೊಂಡು ಅವರ ಅಂಗಡಿಗೆ ಹೋದೆ.

"ಏಳು ನಿಮಿಷ, ನಿಂತುಕೊಂಡು" ಎಂದು ತಾವೇ ಹೇಳಿಕೊಂಡು, ಹಲಗೆಗಳನ್ನು ನೋಡದೆ ಮೇಜಿನ ಒಳಗಿನಿಂದಲೇ ಒಂದು ಕ್ಯಾಸೆಟ್ ತೆಗೆದರು. "ಇದು ಅಂಚೆಯವನ ಆಟ. ಒಂದು ಕಾಗದ ಮುಟ್ಟಿಸೋಕೆ ಮೂರು ನಿಮಿಷ. ಮುಟ್ಟಿದ ಕೂಡಲೇ ತಾನೇ ನೆನಪಿಟ್ಟುಕೊಳ್ಳುತ್ತೆ. ಹೋಗ್ತಾ ಎರಡು, ಬರ್ತಾ ಎರಡು."

ನಲವತ್ತು ಮನೆಯ ಒಂದು ಹಳ್ಳಿ, ಹೊಳೆಯ ಮೇಲ್ಗಡೆ. ಮನೆಗೆ ಹನ್ನೆರಡು ಕಾಗದ. ಹೊಳೆಯ ಕೆಳಗಡೆಯ ಹಳ್ಳಿ ಬೇರೊಂದು ಕ್ಯಾಸೆಟ್ಟಿನಲ್ಲಿದೆ, ಎರಡು ಯಂತ್ರಗಳ ನಡುವೆ ವಯರು ಸಿಕ್ಕಿಸಿದರೆ ಅಲ್ಲಿಗೂ ಕಾಗದ ಹೋಗುತ್ತದೆ ಎಂದು ಪುಸ್ತಿಕೆಯಲ್ಲಿತ್ತು. ಯಾರಿಗೂ ಬೇಡವಾದ ಈ ಆಟದ ಇನ್ನರ್ಧ ಯಾವ ಪುಣ್ಯಾತ್ಮನ ಹತ್ತಿರ ಇದ್ದೀತು ಎಂದು ಆ ಪುಟ ತಿರುವಿ ಹಾಕಿದೆ.

ಅವರು ನನ್ನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಗಡಿ ಮುಂದೆ ಹಾದರೆ "ಏಳು ನಿಮಿಷದವರೇ, ಎಷ್ಟನೇ ಮನೆ?" ಎನ್ನುವರು. ಹದಿನೈದು ಎಂದರೆ "ಹಾಗಾ" ಎನ್ನುವರು. ಈ ಮುದುಕನಿಗೆ ಊರ ಉಸಾಬರಿ ಎಷ್ಟು ಎಂದು ಒಮ್ಮೊಮ್ಮೆ ಸಿಡುಕಿದ್ದೂ ಉಂಟು. ಆದರೆ ದಿನದಲ್ಲಿ ಯಾರಾದರೂ ನನ್ನನ್ನು ಏನಾದರೂ ಕೇಳುತ್ತಿದ್ದರೆ ಅದೊಂದೇ.

ಮಾರ್ಚ್ ತಿಂಗಳಲ್ಲಿ ಕಾರ್ಖಾನೆ ಸಮುದ್ರದ ಕಡೆಯ ಊರಿಗೆ ಹೋಗುವುದೆಂದಾಯಿತು, ರೈಲಿನಲ್ಲಿ ಎರಡು ಗಂಟೆ. ಕೋಣೆಯೂ ಕಾರ್ಖಾನೆಯ ಹಿಂದೆಯೇ. ಅದೇ ವಾರ ನನ್ನ ಆಟವೂ ತುದಿಗೆ ಬಂತು.

"ನಲವತ್ತೂ ಮನೆ ಆಯ್ತು" ಎಂದೆ. "ಕೊನೇ ಕಾಗದ ಒಂದು ಕೈಲಿ ಉಳ್ಕೊಂಡಿದೆ. ಅದು ಕೆಳಗಿನ ಹಳ್ಳಿಗಂತೆ. ಹೋಗ್ಲಿ ಬಿಡಿ. ಹೊಸ ಕೋಣೆ ಕಾರ್ಖಾನೆ ಹಿಂದೇನೇ, ಇನ್ನು ರೈಲಿಲ್ಲ. ಶನಿವಾರ ಊರು ಬಿಡ್ತೀನಿ, ಅವತ್ತು ಕ್ಯಾಸೆಟ್ ನಿಮಗೇ ಕೊಟ್ಟು ಹೋಗ್ತೀನಿ."

ಉಕಾಯ್‌ಸಾನ್ ಮೇಜಿನ ಡ್ರಾಯರನ್ನು ಅರ್ಧ ಎಳೆದು ಮತ್ತೆ ಮುಚ್ಚಿದರು. "ಹಾಗಾ" ಎಂದರು.

ನಮ್ಮಲ್ಲಿ ಕ್ಯಾಸೆಟ್ ಬೇರೆಯವರಿಗೆ ದಾಟಿಸುವ ಮುಂಚೆ ಅದು ನೆನಪಿಟ್ಟುಕೊಂಡ ನಮ್ಮ ಆಟವನ್ನು ಅಳಿಸಿ ಕೊಡುತ್ತೇವೆ. ಬಾಡಿಗೆ ಮನೆ ಬಿಡುವಾಗ ಗುಡಿಸಿ ಒರೆಸಿ ಬೀಗ ಕೊಟ್ಟ ಹಾಗೆ. ಶುಕ್ರವಾರ ಗಂಟು ಕಟ್ಟಿ ಮುಗಿಸಿ, ನಾನೂ ಅಳಿಸಿದೆ. ಯಂತ್ರಕ್ಕೆ ಸಿಕ್ಕಿಸುವ ಕಡೆಯ ಲೋಹದ ಹಲ್ಲುಗಳನ್ನು ಹತ್ತಿಯಲ್ಲಿ ಒರೆಸಿದೆ ಕೂಡ.

ಶನಿವಾರ ಹೋದಾಗ ಅವರ ಮೇಜಿನ ಮೇಲೆ ಬೇರೇನೂ ಇರಲಿಲ್ಲ. ಅವರ ಸ್ವಂತ ಯಂತ್ರ, ಬೂದು ಬಣ್ಣದ ಒಂದು ವಯರು, ಅಷ್ಟೇ. ಎಂದೂ ಇಲ್ಲದ ಒಂದು ಸ್ಟೂಲು ಗಿರಾಕಿಯ ಕಡೆ ಇತ್ತು. ನಾನು ಕೂರಲಿಲ್ಲ. ಅವರು ಡ್ರಾಯರಿನಿಂದ ಇನ್ನೊಂದು ಯಂತ್ರ ತೆಗೆದು ನನ್ನ ಕ್ಯಾಸೆಟ್ ಹಾಕಿ ನೋಡಿದರು. 'ಹೊಸ ಆಟ' ಎನ್ನುವ ಸಾಲು ಬಿಟ್ಟು ಪರದೆಯಲ್ಲಿ ಏನೂ ಬರಲಿಲ್ಲ.

"ಪೂರ್ತಿ ಅಳಿಸಿದ್ದೀರಾ?"

"ಹೂಂ, ಒಂದನ್ನೂ ಬಿಟ್ಟಿಲ್ಲ" ಎಂದೆ, ಹೆಮ್ಮೆಯಿಂದ!

"ತುಂಬಾ ಉಪಕಾರ ಆಯ್ತು. ಬಹಳ ಅಚ್ಚುಕಟ್ಟು" ಎಂದು ತಲೆ ಬಾಗಿಸಿದರು. ವಯರನ್ನು ನಿಧಾನವಾಗಿ ಸುತ್ತಿ ಡ್ರಾಯರಿಗೆ ಹಾಕಿದರು.

ರೈಲಿಗೆ ಬುತ್ತಿ ಎಂದು ಎರಡು ಕೊರೊಕೆ ಕೊಳ್ಳಲು ಎದುರಿಗೆ ಹೋದೆ. ಓಬಾಸಾನ್ ಕೇಳಿದರು: "ಆಯ್ತಾ? ಕಾಗದ ಬಂತಾ ಅವರಿಗೆ?"

"ಯಾವ ಕಾಗದ?"

"ಅಯ್ಯೋ, ಬೆಳಿಗ್ಗೆಯಿಂದ ಆ ವಯರು ಒರೆಸ್ತಾ ಕೂತಿದ್ದಾರಲ್ಲಮ್ಮ! ಕೆಳಗಿನ ಹಳ್ಳೀದು ಅವರ ಹತ್ರಾನೇ ಇರೋದು. ಎಲ್ಲಾ ಮುಗಿಸಿ ಏಳು ವರ್ಷ ಆಯ್ತು, ಒಂದು ಕಾಗದ ಮಾತ್ರ ಬಂದಿಲ್ಲ. ಮೇಲಿನ ಹಳ್ಳೀದನ್ನ ಯಾರಿಗೆ ಕೊಡೋದು ಅಂತ ಎಷ್ಟು ಜನರನ್ನ ಅಳೆದರೋ, ಕೊನೆಗೆ ನಿಮಗೆ ಕೊಟ್ರು."

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ದಡದಡನೆ ವಾಪಸ್ ಹೋದೆ.

"ಬಾಯಿ ಬಿಟ್ಟು ಕೇಳೋಕೇನಾಗಿತ್ತು ನಿಮಗೆ?"

"ಊರು ಬಿಡೋ ಗಡಿಬಿಡಿಯಲ್ಲಿದ್ರಿ. ತೊಂದರೆ ಯಾಕೆ ಅಂತ."

"ಎರಡೂ ಕ್ಯಾಸೆಟ್ ನಿಮ್ಮ ಹತ್ರಾನೇ ಇತ್ತಲ್ಲ! ನೀವೇ ಎರಡನ್ನೂ ಆಡಿ ಕಳಿಸ್ಕೋಬಹುದಿತ್ತಲ್ಲ!"

ಉಕಾಯ್‌ಸಾನ್ ಮೊದಲ ಸಲ ನನ್ನ ಮುಖ ನೋಡಿ ಹೇಳಿದರು: "ನನಗೆ ನಾನೇ ಕಾಗದ ಬರ್ಕೊಳ್ಳೋದಾ?"

ನಾನು ಕೈ ಚಾಚಿದೆ. ಕ್ಯಾಸೆಟ್ ವಾಪಸ್ ಕೊಡಿ ಎಂದೆ. ಅವರು ಕೊಡಲೊಲ್ಲರು. "ಅದು ಏಳು ನಿಮಿಷದವರದ್ದು. ನಿಮಗೀಗ ರೈಲೇ ಇಲ್ಲ. ಹೊಂದದೇ ಇರೋದನ್ನ ನಾನು ಯಾರಿಗೂ ಕೊಡಲ್ಲ."

"ಮಧ್ಯಾಹ್ನ ಊಟ ಆದ ಮೇಲೆ ಹನ್ನೆರಡು ನಿಮಿಷ ಬಿಡುವಿದೆ. ಪಕ್ಕದಲ್ಲಿ ಮಾತಾಡೋರು ಯಾರೂ ಇರಲ್ಲ."

ಅವರು ಯೋಚಿಸಿದರು. "ಹನ್ನೆರಡು. ನಾಲ್ಕು ಕಾಗದ. ಆಗುತ್ತೆ" ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಆರು ತಿಂಗಳು ಉಪ್ಪಿನಕಾಯಿ ಪೀಪಾಯಿಗಳ ಹಿಂದೆ ಕೂತು ಅವೇ ನಲವತ್ತು ಮನೆಗಳಿಗೆ ಮತ್ತೆ ಅಲೆದೆ. ಹೊಸ ಊರಿನಲ್ಲಿ ನನ್ನನ್ನು ಕೇಳುವವರು ಒಬ್ಬರೂ ಇರಲಿಲ್ಲ. ಎಷ್ಟನೇ ಮನೆ ಎಂದು ನಾನೇ ಕೇಳಿ ನಾನೇ ಹೇಳಿಕೊಳ್ಳುತ್ತಿದ್ದೆ. ಸೆಪ್ಟೆಂಬರಿನ ಒಂದು ಭಾನುವಾರ ಎರಡು ಗಂಟೆ ರೈಲಿನಲ್ಲಿ ಕೂತು ಹೋದೆ.

"ಏಳು ನಿಮಿಷದವರು!" ಎಂದು ಎದ್ದು ನಿಂತರು.

"ಈಗ ಎರಡು ಗಂಟೆ."

"ಎರಡು ಗಂಟೆಗೆ ನನ್ನ ಹತ್ರ ಏನೂ ಇಲ್ವಲ್ಲ."

"ಕೊಳ್ಳೋಕೆ ಬಂದಿಲ್ಲ. ವಯರು ತೆಗೀರಿ."

ವಯರು ಮೊಳದಷ್ಟೇ ಉದ್ದ. ಸ್ಟೂಲು ಎಳೆದು ಮೊಣಕೈಗೆ ಮೊಣಕೈ ತಾಗುವಂತೆ ಕೂತೆವು. ಕಾಗದ ಹೋಗಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಈ ಸಲ ಆಟ ಶುರುಮಾಡುವಾಗ ಹೆಸರು ಕೇಳುವಲ್ಲಿ ನಾನು ಏನು ಬರೆದಿದ್ದೆನೋ ಅದು ಅವರ ಪರದೆಯಲ್ಲಿ ಮೂಡಿತು: 'ಏಳು ನಿಮಿಷದವರಿಂದ ಕಾಗದ ಬಂದಿದೆ.' ಒಳಗೆ ಒಂದೇ ಸಾಲು, ಗೇಮು ಮಾಡಿದವರು ಬರೆದದ್ದು. 'ಇಲ್ಲಿ ಎಲ್ಲ ಕ್ಷೇಮ. ಅಲ್ಲಿ ಹೇಗಿದ್ದೀರಿ?'

ಉಕಾಯ್‌ಸಾನ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಮುಗೀತು" ಎಂದರು. ಏಳು ವರ್ಷ ಕಾದದ್ದು ಮುಗಿದಾಗ ಮನುಷ್ಯನ ಮುಖ ಅಷ್ಟು ಬರಿದಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಹೊರಡುವಾಗ ಒಂದು ಚೀಟಿ ಮುಂದಿಟ್ಟರು. "ಹೆಸರು, ವಿಳಾಸ ಬರೀರಿ. ಎರಡು ಗಂಟೇದು ಏನಾದ್ರೂ ಸಿಕ್ಕರೆ ತಿಳಿಸ್ತೀನಿ."

ಹೊರಿಬೆ ಸುಮಿಯೆ ಎಂದು ಬರೆದೆ. ಅವರು ಅದನ್ನು ಮೆಲ್ಲಗೆ ಒಮ್ಮೆ ಓದಿಕೊಂಡರು.

ಜನವರಿ ಒಂದರಂದು ನನ್ನ ಅಂಚೆ ಡಬ್ಬಿಯಲ್ಲಿ ಹೊಸ ವರ್ಷದ ಕಾರ್ಡು ಮೂರಿದ್ದವು. ಒಂದು ಹಲ್ಲಿನ ಡಾಕ್ಟರದು, ಒಂದು ಗ್ಯಾಸಿನವರದು. ಮೂರನೆಯದರಲ್ಲಿ ಶುಭಾಶಯದ ಕೆಳಗೆ ಪೆನ್ಸಿಲಿನಲ್ಲಿ ಬರೆದಿತ್ತು: 'ಎರಡು ಗಂಟೆಯ ಗೇಮು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.'

ಒಲೆಯ ಮುಂದೆ ಕೂತು ಅತ್ತೆ. ಆಮೇಲೆ ಒಂದು ಕಾರ್ಡು ತಂದು ಬರೆದೆ: 'ಅವಸರವಿಲ್ಲ. ಹುಡುಕುತ್ತಿರಿ.'