ಲೈನಿನಲ್ಲಿ ಯಾರು?

ನನ್ನ ಮಾವನಿಗೆ ದಾರಿ ಹೇಳುವವರನ್ನು ಕಂಡರೆ ಆಗುವುದಿಲ್ಲ. ಕಣ್ಣು ಕಾಣದ ಮನುಷ್ಯ ಕೋಲು ಹಿಡಿದು ರಸ್ತೆಯ ಅಂಚಿನಲ್ಲಿ ನಿಂತರೆ ಸಾಕು, ಎಲ್ಲಿಂದಲೋ ಮೂವರು ಓಡಿ ಬರುತ್ತಾರೆ. ಒಬ್ಬರು ಎಡಕ್ಕೆ ಅನ್ನುತ್ತಾರೆ, ಇನ್ನೊಬ್ಬರು ಅಲ್ಲಲ್ಲ ನೇರಕ್ಕೆ ಅನ್ನುತ್ತಾರೆ, ಮೂರನೆಯವರು ಮಾತೇ ಆಡದೆ ತೋಳು ಹಿಡಿದು ಎಳೆಯುತ್ತಾರೆ. ಮಾವ ಕೋಲನ್ನು ನೆಲಕ್ಕೆ ಊರಿ ಕಂಬದ ಹಾಗೆ ನಿಂತುಬಿಡುತ್ತಾರೆ. "ಮೊದಲು ನೀವು ನೀವೇ ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ನನಗೆ ಹೇಳಿ" ಅನ್ನುತ್ತಾರೆ. ನಾನು ಇದಕ್ಕೆ ತದ್ವಿರುದ್ಧ. ಗೊತ್ತಿರುವ ವಿಳಾಸಕ್ಕೂ ನಾಲ್ಕು ಜನರನ್ನು ಕೇಳಿಕೊಂಡೇ ಹೋಗುವವಳು. ಇಂಥ ನಾವಿಬ್ಬರೂ ದಿನಾ ಬೆಳಿಗ್ಗೆ ಒಂದೇ ಬಸ್ಸು ಹತ್ತಿ ಒಂದೇ ಕಚೇರಿಗೆ ಹೋಗುತ್ತೇವೆ, ದಾರಿಯುದ್ದಕ್ಕೂ ವಾದ ಮಾಡಿಕೊಂಡು.

ನಮ್ಮದು ಕೇಳುವ ಪುಸ್ತಕಗಳ ಗ್ರಂಥಾಲಯ. ಪುಸ್ತಕಗಳನ್ನು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ, ಕಣ್ಣು ಕಾಣದವರ ಮನೆಗಳಿಗೆ ಕಳಿಸುವುದು ಅಲ್ಲಿಯ ಕೆಲಸ. ನಾನು ಓದುವವಳು. ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ, ಫ್ಯಾನಿಲ್ಲದ ಗೂಡಿನಲ್ಲಿ ಮೈಕಿನ ಮುಂದೆ ಕೂತು ಬೆವರುವುದು ನನ್ನ ಪಾಲು. ನಾನು ಕೆಮ್ಮಿದ್ದು, ತೊದಲಿದ್ದು, ಸಾಲು ಬಿಟ್ಟು ಓದಿದ್ದು, ಅವನ್ನೆಲ್ಲ ಹುಡುಕಿ ಬೇರೆ ಮಾಡಿ ಒಳ್ಳೆಯದನ್ನಷ್ಟೇ ಉಳಿಸುವುದು ಮಾವನ ಪಾಲು. ಸೊಸೆಯ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುವ ಕಚೇರಿ ಇನ್ನೆಲ್ಲೂ ಇರಲಾರದು ಎಂದು ನನ್ನ ಗಂಡ ನಗುತ್ತಾನೆ.

ಮಾವ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಊರಿನ ಅರ್ಧ ನಂಬರುಗಳು ಅವರ ನಾಲಿಗೆಯ ತುದಿಯಲ್ಲಿದ್ದವಂತೆ. ಎಕ್ಸ್‌ಚೇಂಜಿಗೆ ಬೀಗ ಬಿದ್ದ ಕಾಲಕ್ಕೇ ಅವರ ಕಣ್ಣೂ ಮಂಜಾಗುತ್ತ ಬಂದು ಕೊನೆಗೆ ಪೂರ್ತಿ ಹೋಯಿತು. ಮನೆಯ ಮೂಲೆ ಹಿಡಿದು ಕೂತವರನ್ನು ಎಬ್ಬಿಸಿ ಗ್ರಂಥಾಲಯಕ್ಕೆ ಕರೆತಂದವರು ನನ್ನ ಅತ್ತೆ. ಅತ್ತೆ ಅಲ್ಲಿಯ ಮೊಟ್ಟಮೊದಲ ಓದುಗಿತ್ತಿ. ಇವತ್ತಿಗೂ ಗ್ರಂಥಾಲಯದಲ್ಲಿ ಎಲ್ಲರೂ ಮಾವನನ್ನು ಎಕ್ಸ್‌ಚೇಂಜ್ ಸಾರ್ ಅಂತಲೇ ಕರೆಯುತ್ತಾರೆ. ಅವರ ನಿಜವಾದ ಹೆಸರು ಹಾಜರಿ ಹಾಕುವ ಗುಮಾಸ್ತನಿಗೆ ಬಿಟ್ಟರೆ ಯಾರಿಗೂ ಬೇಕಾಗಿಲ್ಲ.

ಅವರ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ಇವರು ಒಂದು ಸಾಲು ಕಮಾಂಡ್, ಅಂದರೆ ಯಂತ್ರಕ್ಕೊಂದು ಅಪ್ಪಣೆ, ಹೊಡೆಯುತ್ತಾರೆ, ಉತ್ತರವಾಗಿ ಬಂದ ಸಾಲನ್ನು ಯಂತ್ರ ಗಟ್ಟಿಯಾಗಿ ಓದುತ್ತದೆ. ಆ ಓದುವ ವೇಗವೋ, ಅಕ್ಕಿ ಸುರಿದ ಹಾಗೆ. ನನಗೆ ಒಂದು ಪದವೂ ಹತ್ತುವುದಿಲ್ಲ. ಮಾವ ಮಾತ್ರ ನಡುನಡುವೆ "ಹೂಂ, ಹೂಂ" ಅನ್ನುತ್ತಾ ಕೂತಿರುತ್ತಾರೆ.

ಇಷ್ಟೊಂದು ಕಮಾಂಡುಗಳನ್ನು ಯಾರಿಂದ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ.

"ಯಾರಿಂದಲೂ ಇಲ್ಲ. ಯಂತ್ರಾನೇ ಕೇಳ್ದೆ" ಅಂದರು. "ಮನುಷ್ಯರನ್ನ ಕೇಳಿದ್ರೆ ಅವರಿಗೆ ಗೊತ್ತಿರೋದಷ್ಟೇ ಹೇಳ್ತಾರೆ. ಅದರಲ್ಲೂ ಅರ್ಧ ನುಂಗ್ತಾರೆ, ಇವನಿಗೆ ಇಷ್ಟು ಸಾಕು ಅಂತ. ಇದು ಹಾಗಲ್ಲ, ಪೂರ್ತಿ ಒಪ್ಪಿಸುತ್ತೆ."

ಆಮೇಲೆ ತಮ್ಮ ಹಳೆಯ ಕಸುಬಿನ ಭಾಷೆಯಲ್ಲೇ ಬಿಡಿಸಿ ಹೇಳಿದರು. ಕಮಾಂಡಿನ ಹೆಸರು ಗೊತ್ತಿದ್ದರೆ ಅದಕ್ಕೆ ಮೊದಲು ಮ್ಯಾನ್ ಅಂತ ಹೊಡೆಯಬೇಕು, ಅದರ ಕೈಪಿಡಿ ಪೂರ್ತಿ ತೆರೆದುಕೊಳ್ಳುತ್ತದೆ. ಅದು ಡೈರೆಕ್ಟರಿ ಇದ್ದ ಹಾಗೆ. ಹೆಸರು ಗೊತ್ತಿಲ್ಲ, ಆಗಬೇಕಾದ ಕೆಲಸ ಮಾತ್ರ ಗೊತ್ತು ಅಂದರೆ ಅಪ್ರೊಪೋಸ್ ಅಂತ ಇನ್ನೊಂದಿದೆ. ಅದು ವಿಚಾರಣೆಯ ಮೇಜು. ಹಿಂದೆ ಜನ ಫೋನ್ ಮಾಡಿ 'ಆ ಹಲ್ಲಿನ ಡಾಕ್ಟರು, ಸಿನಿಮಾ ಥಿಯೇಟರ್ ಹಿಂದೆ ಇದ್ದಾರಲ್ಲ, ಅವರ ನಂಬರ್ ಕೊಡಿ' ಅನ್ನುತ್ತಿದ್ದರಲ್ಲ, ಹಾಗೆ. ನಕಲು ಮಾಡೋದು, ಜೋಡಿಸೋದು, ಹುಡುಕೋದು, ಹೀಗೆ ಕೆಲಸದ ಒಂದು ಪದ ಕೊಟ್ಟರೆ ಅದಕ್ಕೆ ಸಂಬಂಧಪಟ್ಟ ಕಮಾಂಡುಗಳ ಹೆಸರನ್ನೆಲ್ಲ ಸಾಲಾಗಿ ಹೇಳುತ್ತದೆ. ಅವಸರವಿದ್ದರೆ ಕಮಾಂಡಿನ ಬಾಲಕ್ಕೆ ಹೆಲ್ಪ್ ಅಂತ ಅಂಟಿಸಿದರೂ ಆಯಿತು, ಸಂಕ್ಷಿಪ್ತವಾಗಿ ಹೇಳಿ ಮುಗಿಸುತ್ತದೆ.

"ಇನ್ನೊಂದಿದೆ, ಟೈಪ್ ಅಂತಲೇ ಅದರ ಹೆಸರು. ಅದು ನನಗೆ ಎಲ್ಲಕ್ಕಿಂತ ಇಷ್ಟ. ಫೋನ್ ಎತ್ತಿದ ತಕ್ಷಣ ಮೊದಲು ಏನು ಕೇಳ್ತೀವಿ? ಯಾರು ಮಾತಾಡೋದು ಅಂತ. ಟೈಪ್ ಅಂತ ಹೊಡೆದು ಕಮಾಂಡಿನ ಹೆಸರು ಹಾಕಿದ್ರೆ, ಆ ಹೆಸರಲ್ಲಿ ಲೈನಿಗೆ ಬರೋದು ನಿಜವಾಗಿ ಯಾರು ಅಂತ ಹೇಳುತ್ತೆ. ಅಸಲಿಯೋ, ಯಾರಾದ್ರೂ ವೇಷ ಹಾಕಿಸಿ ಕೂರಿಸಿದ್ದೋ."

ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಒಂದೇ ಆಸೆ ಇತ್ತು. ಗ್ರಂಥಾಲಯದ ಒಳಕೋಣೆಯಲ್ಲಿ ಮೂಲ ರೆಕಾರ್ಡಿಂಗುಗಳೆಲ್ಲ ಇವೆ. ಅತ್ತೆ ಓದಿದ್ದೂ ಅಲ್ಲೇ ಇದೆ, ಇನ್ನೂ ಸ್ವಚ್ಛ ಮಾಡದೆ, ಒಳ್ಳೆಯದೂ ಕೆಟ್ಟದ್ದೂ ಕಲಸಿಕೊಂಡು. ಆ ಕೋಣೆಯ ಉಸ್ತುವಾರಿ ತಮಗೆ ಸಿಗಬೇಕು ಎಂದು ಮಾವ ಕಾಯುತ್ತಿದ್ದರು. ಹಳೆಯ ಉಸ್ತುವಾರಿ ನಿವೃತ್ತರಾದಾಗ ಮ್ಯಾನೇಜರ್ ಮೇಡಂ ಮಾವನ ಹೆಸರನ್ನೇ ಮುಂದಿಟ್ಟರು. ಗ್ರಂಥಾಲಯದ ಅಧ್ಯಕ್ಷರು ಒಪ್ಪಲಿಲ್ಲ. ಕಣ್ಣಿರುವವರೊಬ್ಬರು ಯಾವಾಗಲೂ ಪಕ್ಕದಲ್ಲಿ ಕೂರಬೇಕು, ಇಲ್ಲವೇ ಸಾರ್ ಮುಂದಿನ ಕೌಂಟರಿಗೆ ಬರಲಿ, ಬಂದವರನ್ನು ಮಾತಾಡಿಸಲಿ ಅಂದರು.

ಅವತ್ತು ಸಂಜೆ ಮಾವ ಬಸ್ಸು ಇಳಿಯುವಾಗ, "ನಮಸ್ಕಾರ ಬನ್ನಿ, ನಮಸ್ಕಾರ ಹೋಗಿ ಬನ್ನಿ. ಅಷ್ಟಕ್ಕೆ ನಾನ್ಯಾಕೆ, ಬಾಗಿಲಿಗೆ ಗಂಟೆ ಕಟ್ಟಿದ್ರೆ ಸಾಕು" ಅಂದರು. ಅವರು ಅಷ್ಟು ಕಹಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಧ್ಯಕ್ಷರ ಮೇಲೆ ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ಮೇಡಂ ಒಂದು ದಾರಿ ಹುಡುಕಿದರು. ಎಲ್ಲರೆದುರು ಸಾರ್ ಒಳಕೋಣೆಯ ಯಂತ್ರದಲ್ಲಿ ಒಂದು ಕೆಲಸ ಮಾಡಿ ತೋರಿಸಲಿ, ಅಧ್ಯಕ್ಷರೇ ನೋಡಲಿ. ಕೆಲಸವೂ ಮಾವ ದಿನಾ ಮಾಡುವಂಥದ್ದೇ. ಒಬ್ಬ ಓದುಗರ ಫೋಲ್ಡರಿನಿಂದ ಕೆಟ್ಟ ತುಂಡುಗಳನ್ನು ತೆಗೆದು ಒಳ್ಳೆಯದನ್ನು ಉಳಿಸುವುದು. ಯಾರ ಫೋಲ್ಡರ್ ಎಂದು ಕೇಳಿದಾಗ ಮಾವ ತಡಮಾಡದೆ ಅತ್ತೆಯದು ಅಂದರು. ಆ ಕೋಣೆಯಲ್ಲಿರುವ ಯಾವುದಕ್ಕೂ ಆವರೆಗೆ ನಕಲು ಇರಲಿಲ್ಲ. ನಕಲು ತೆಗೆಯುವುದೇ ಹೊಸ ಉಸ್ತುವಾರಿಯ ಮೊದಲ ಕೆಲಸವಾಗಬೇಕಿತ್ತು. ಅದು ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮಾವ ತುಂಡು ತೆಗೆಯುವ ರೀತಿಯನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೊದಲು ಎಲ್ಲವನ್ನೂ ಒಮ್ಮೆ ಕೇಳಿ ಯಾವುದು ಕೆಟ್ಟದ್ದು ಎಂದು ನೆನಪಿಟ್ಟುಕೊಳ್ಳುತ್ತಾರೆ. ಆಮೇಲೆ ಅಳಿಸುವ ಕಮಾಂಡಿಗೆ, ಅದಕ್ಕೆ ಆರ್‌ಎಂ ಅನ್ನುತ್ತಾರೆ, ಇಡೀ ಫೋಲ್ಡರನ್ನೇ ಒಪ್ಪಿಸಿಬಿಡುತ್ತಾರೆ. ಯಂತ್ರ ಒಂದೊಂದರ ಹೆಸರನ್ನೂ ಹೇಳಿ 'ತೆಗೆಯಲಾ' ಎಂದು ಕೇಳುತ್ತದೆ. ಕೆಟ್ಟದ್ದಾದರೆ ಹೌದು, ಒಳ್ಳೆಯದಾದರೆ ಬೇಡ. ತರಕಾರಿ ಆರಿಸಿದ ಹಾಗೆ ಸರಸರ ಮುಗಿಯುತ್ತದೆ. ಅದೊಂದು ಕಮಾಂಡನ್ನು ಮಾತ್ರ ಮಾವ ಯಂತ್ರದಿಂದ ಕಲಿತದ್ದಲ್ಲ. ಕೈಪಿಡಿ ಕೇಳುವುದು ಗೊತ್ತಾಗುವ ಮೊದಲೇ, ಸೇರಿದ ಹೊಸದರಲ್ಲಿ, ನಮ್ಮ ಇಂಜಿನಿಯರ್ ಬಾಯಿಮಾತಿನಲ್ಲಿ ಹೇಳಿಕೊಟ್ಟದ್ದು.

ಆ ಬೆಳಿಗ್ಗೆ ಒಳಕೋಣೆಯಲ್ಲಿ ಅಧ್ಯಕ್ಷರು, ಮೇಡಂ, ಇಂಜಿನಿಯರ್ ಕುರ್ಚಿ ಎಳೆದುಕೊಂಡು ಕೂತರು. ನಾನು ಬಾಗಿಲಿಗೆ ಒರಗಿ ನಿಂತೆ. ಮಾವ ಇಸ್ತ್ರಿ ಅಂಗಿ ಹಾಕಿದ್ದರು. ಅತ್ತೆಯ ತುಂಡುಗಳನ್ನೆಲ್ಲ ಇಯರ್‌ಫೋನಿನಲ್ಲಿ ಕೇಳಿ ಮುಗಿಸಿ, ಎಲ್ಲರಿಗೂ ಕೇಳಿಸಲೆಂದು ಯಂತ್ರದ ದನಿಯನ್ನು ಸ್ಪೀಕರಿಗೆ ಹಾಕಿದರು. ಅಳಿಸುವ ಸಾಲನ್ನು ಹೊಡೆದರು. ಇನ್ನು ಎಂಟರ್ ಒತ್ತುವುದೊಂದೇ ಬಾಕಿ.

ಒತ್ತಲಿಲ್ಲ. ಹೊಡೆದ ಸಾಲನ್ನು ತೆಗೆದುಹಾಕಿ ಟೈಪ್ ಅಂತ ಹೊಡೆದರು.

ಇವತ್ತೊಂದು ದಿನ ಯಾರನ್ನೂ ಏನನ್ನೂ ಕೇಳಬೇಡಿ ಮಾವ, ಸುಮ್ಮನೆ ಒತ್ತಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಜನ್ಮದಲ್ಲಿ ಮೊದಲ ಸಲ ನಾನು ಕೇಳುವುದು ಬೇಡ ಅಂದದ್ದು ಅವತ್ತೇ ಇರಬೇಕು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಸಾರ್, ಇದು ನೀವು ದಿನಾ ಮಾಡೋ ಕೆಲಸ ಅಲ್ವಾ? ಇದಕ್ಕೂ ಯಂತ್ರಾನ ಕೇಳ್ಬೇಕಾ?"

"ಕೆಲಸ ಹಳೇದು. ಈ ಯಂತ್ರ ನನಗೆ ಹೊಸದು" ಅಂದರು ಮಾವ. "ಯಾರು ಮಾತಾಡೋದು ಅಂತ ಕೇಳದೆ ನಾನು ಲೈನ್ ಕೊಡಲ್ಲ."

ಅಳಿಸುವ ಕಮಾಂಡ್ ಅಸಲಿಯೇ ಎಂದು ಯಂತ್ರ ಉತ್ತರ ಕೊಟ್ಟಿತು. ಮಾವ ಅಷ್ಟಕ್ಕೂ ಬಿಡಲಿಲ್ಲ. ಇವನ ಪರಿಚಯ ನನಗೆ ಬಾಯಿಮಾತಿನದ್ದೇ ಎಂದು ಗೊಣಗಿ ಅದರ ಕೈಪಿಡಿ ತೆರೆದರು. ಅಕ್ಕಿ ಸುರಿಯತೊಡಗಿತು. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಒಂದು ಕಡೆ ಮಾವನ ಬೆರಳು ಗಕ್ಕನೆ ನಿಂತಿತು. ವೇಗ ತಗ್ಗಿಸಿ ಅದೇ ಸಾಲನ್ನು ಮತ್ತೆ ಓದಿಸಿದರು. ಈಗ ನನಗೂ ಪದಗಳು ಹತ್ತಿದವು. ಪ್ರತಿಯೊಂದನ್ನೂ ಅಳಿಸುವ ಮುಂಚೆ ಕೇಳಬೇಕಾದರೆ ಕಮಾಂಡಿಗೆ ಐ ಎಂಬ ಅಕ್ಷರ ಸೇರಿಸಬೇಕು ಎಂದಿತ್ತು ಅದರಲ್ಲಿ.

"ನಾನು ಯಾವತ್ತೂ ಐ ಸೇರಿಸಿದವನೇ ಅಲ್ಲ" ಅಂದರು ಮಾವ. ದನಿ ಸಣ್ಣದಾಗಿತ್ತು.

ಎದ್ದು, ಯಾರ ಕೈಯನ್ನೂ ಹಿಡಿಯದೆ ಹೊರಕೋಣೆಯ ತಮ್ಮ ಯಂತ್ರದ ಹತ್ತಿರ ನಡೆದರು. ನಾವೆಲ್ಲ ಹಿಂದೆ ಹೋದೆವು. ನಿಂತುಕೊಂಡೇ ಅದೇ ಪ್ರಶ್ನೆಯನ್ನು ಇಲ್ಲಿಯೂ ಹೊಡೆದರು. ಇಲ್ಲಿ ಬೇರೆ ಉತ್ತರ ಬಂತು. ಈ ಯಂತ್ರದಲ್ಲಿ ಆರ್‌ಎಂ ಎಂಬ ಹೆಸರಿನಲ್ಲಿ ಕೂತಿದ್ದದ್ದು ಐ ಸೇರಿಸಿದ ಆರ್‌ಎಂ. ಯಾರೋ ಅದಕ್ಕೆ ವೇಷ ಹಾಕಿಸಿದ್ದರು, ಅದಕ್ಕೇ ಇಷ್ಟು ದಿನ ಅದು ತಾನಾಗಿ ಕೇಳುತ್ತಿತ್ತು.

ಇಂಜಿನಿಯರ್ ಮುಖ ತಗ್ಗಿಸಿದ. "ನಾನೇ ಸಾರ್. ನೀವು ಬಂದ ಹೊಸದರಲ್ಲಿ ಹಾಕಿದ್ದೆ. ಎಲ್ಲಾದ್ರೂ ಕೈತಪ್ಪಿ ಒತ್ತಿಬಿಟ್ರೆ ಅಂತ."

"ಹೇಳ್ಬೇಕಿತ್ತಲ್ಲಪ್ಪ."

"ಬೇಜಾರು ಮಾಡ್ಕೋತೀರ ಅಂತ ಹೇಳ್ಲಿಲ್ಲ. ಆಮೇಲೆ ನನಗೇ ಮರೆತುಹೋಯ್ತು."

"ಬೇಜಾರು ಒಂದು ಕಪ್ ಟೀಗೆ ಕಳೀತಿತ್ತು. ನೀನು ನನ್ನ ದಾರೀಲಿ ಗುಂಡಿ ಮುಚ್ಚಿದ್ದು ಒಳ್ಳೇದೇ. ಗುಂಡಿ ಇತ್ತು ಅಂತ ಹೇಳದೆ ಹೋಗಿದ್ದು ತಪ್ಪು. ಬೇರೆ ರಸ್ತೇಲಿ ಅದೇ ಗುಂಡಿಗೆ ಬೀಳೋನು ನಾನಲ್ವಾ?" ಮಾವ ಅಧ್ಯಕ್ಷರ ಕಡೆಗೆ ತಿರುಗಿದರು. ದನಿ ಕೇಳಿದ್ದ ದಿಕ್ಕು ಅವರಿಗೆ ಎಂದೂ ತಪ್ಪುವುದಿಲ್ಲ. "ಸಾರ್, ನಾನೇ ಹೇಳಿಬಿಡ್ತೀನಿ. ಕೇಳದೆ ಎಂಟರ್ ಒತ್ತಿದ್ರೆ ಆ ಫೋಲ್ಡರಿನಲ್ಲಿ ಇರೋದೆಲ್ಲ ಹೋಗ್ತಿತ್ತು. ನನ್ನ ಹೆಂಡತಿ ಓದಿದ್ದು ಅಷ್ಟೂ, ನನ್ನ ಕೈಯಿಂದಲೇ."

ನನಗೆ ಅಲ್ಲಿಯವರೆಗೆ ಅದು ಹೊಳೆದಿರಲಿಲ್ಲ. ಹೊಳೆದ ಮೇಲೆ ಹತ್ತಿರದ ಸ್ಟೂಲ್ ಎಳೆದುಕೊಂಡು ಕೂತೆ.

"ಹಾಗಾದ್ರೆ ನೀವೇ ಹೇಳಿ" ಅಂದರು ಅಧ್ಯಕ್ಷರು, ಗಡುಸಾಗಿಯೇನಲ್ಲ. "ಯಾವ ಧೈರ್ಯದ ಮೇಲೆ ನಿಮಗೆ ಆ ಕೋಣೆ ಒಪ್ಪಿಸಲಿ?"

"ಒತ್ತಲಿಲ್ಲವಲ್ಲ ಸಾರ್. ನೀವೆಲ್ಲ ಕೂತಿದ್ರಿ, ಕೇಳಿದ್ರೆ ಗೊತ್ತಿಲ್ಲದವನು ಅನ್ನಿಸ್ಕೋತೀನಿ ಅಂತ ನನಗೂ ಗೊತ್ತಿತ್ತು. ಆದ್ರೂ ಕೇಳ್ದೆ. ನಾಳೆಯೂ ಕೇಳ್ತೀನಿ. ಪಕ್ಕದಲ್ಲಿ ಇನ್ನೊಬ್ಬರನ್ನ ಕೂರಿಸಿದ್ರೆ ನಾನು ಅವರನ್ನ ನಂಬ್ತೀನಿ, ಅವರು ನನ್ನನ್ನ ನಂಬ್ತಾರೆ, ಯಂತ್ರಾನ ಕೇಳೋರು ಯಾರೂ ಇರಲ್ಲ."

ಅಧ್ಯಕ್ಷರು ಮೇಡಂ ಮುಖ ನೋಡಿದರು. ಆಮೇಲೆ ಒಳಕೋಣೆಯ ಬೀಗದ ಕೈಯನ್ನು ತಾವೇ ಮಾವನ ಅಂಗೈಯಲ್ಲಿಟ್ಟರು. ಆ ಮನುಷ್ಯನ ಮೇಲೆ ಅಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ನಾನು ಅಲ್ಲೇ ಬಿಟ್ಟುಬಿಟ್ಟೆ.

ಮಾವ ಮೊದಲು ಅತ್ತೆಯ ಫೋಲ್ಡರಿಗೆ ಪಕ್ಕದ ಇನ್ನೊಂದು ಯಂತ್ರದಲ್ಲಿ ನಕಲು ತೆಗೆದರು, ಅದಕ್ಕೂ ಕೈಪಿಡಿ ಕೇಳಿಯೇ. ಊಟದ ಹೊತ್ತಿಗೆ ತಮ್ಮ ಯಂತ್ರದಲ್ಲಿದ್ದ ವೇಷವನ್ನು ಕಳಚಿಸಿದರು. ಇರಲಿ ಬಿಡಿ ಸಾರ್ ಎಂದು ಇಂಜಿನಿಯರ್ ಅಂಗಲಾಚಿದ. "ಬೇಡಪ್ಪ, ಐ ನಾನೇ ಹೊಡ್ಕೋತೀನಿ" ಅಂದರು.

ಮಧ್ಯಾಹ್ನ ಒಳಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಮಾವ ಅಳಿಸುವ ಕಮಾಂಡಿಗೆ ತಮ್ಮ ಕೈಯಾರೆ ಐ ಸೇರಿಸಿ ಎಂಟರ್ ಒತ್ತಿದರು. ಯಂತ್ರ ಒಂದೊಂದನ್ನೇ ಕೇಳತೊಡಗಿತು. ಹೌದು, ಹೌದು, ಬೇಡ, ಹೌದು. ಹೀಗೇ ಸಾಗಿ ಒಂದು ಹೆಸರಿಗೆ ಬೆರಳು ನಿಂತಿತು.

"ಇದು ಕೆಟ್ಟ ತುಂಡಾ ಮಾವ?"

"ಪೂರ್ತಿ ಕೆಟ್ಟದ್ದು. ಕೇಳ್ತೀಯಾ?" ಅಂದು ಪಕ್ಕದ ಯಂತ್ರದಲ್ಲಿದ್ದ ನಕಲಿನಿಂದ ಅದನ್ನು ಹಾಕಿದರು.

ಅತ್ತೆಯ ದನಿ. ಅರ್ಧ ಸಾಲು ಓದಿ ತೊದಲಿದರು. ಮತ್ತೆ ಶುರುಮಾಡಿ ಅಲ್ಲೇ ತೊದಲಿದರು. ಕೆಮ್ಮು ಬಂತು, ಕೆಮ್ಮಿನ ಬೆನ್ನಿಗೆ ನಗು. ನಗುತ್ತಲೇ ಮೈಕಿನ ಹತ್ತಿರ ಬಾಯಿ ತಂದು, "ರೀ, ಕೇಳಿಸ್ತಿದ್ಯಾ? ಇದು ಚೆನ್ನಾಗಿಲ್ಲ. ಇದನ್ನ ಅಳಿಸಿಬಿಡಿ, ಮರೀಬೇಡಿ" ಅಂದರು.

ಇತ್ತ ಯಂತ್ರ ಇನ್ನೂ ಉತ್ತರಕ್ಕೆ ಕಾದು ಕೂತಿತ್ತು. ಮಾವ ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಂಡು, 'ಬೇಡ' ಒತ್ತಿದರು.