ಅಕ್ಕನ ಮುಖದ ಬಿಲ್ಲೆ

ಹೋದ ವಾರ ರಾಣೇಬೆನ್ನೂರಿನ ಬೆಳ್ಳಿ ಅಂಗಡಿಯಲ್ಲಿ ಕಾಲುಂಗುರ ಸಡಿಲ ಮಾಡಿಸಲು ಕುಳಿತಿದ್ದೆ. ಕರಗಿಸಲು ಇಟ್ಟಿದ್ದ ಹಳೆಯ ಒಡವೆಗಳ ತಟ್ಟೆಯಲ್ಲಿ ರೂಪಾಯಿಗಿಂತ ತುಸು ದೊಡ್ಡದಾದ ಬಿಲ್ಲೆಯೊಂದು ಕಂಡಿತು. ಅದರ ಮೇಲೆ ಕೆತ್ತಿದ ಹೆಣ್ಣಿನ ಮುಖ: ಎರಡು ಕಣ್ಣು, ಮೂಗುತಿ, ಹಣೆಯಲ್ಲಿ ಕುಂಕುಮ. ಕೈಗೆತ್ತಿಕೊಂಡೆ. ನನ್ನ ತವರು ಬ್ಯಾಡಗಿಯಲ್ಲಿ ನಮ್ಮ ಓಣಿಯ ಕಾಕುವಿನ ಕೊರಳಲ್ಲಿ ಇದ್ದದ್ದೂ ಇಂಥದೇ...

ಚಿಕ್ಕಮ್ಮನೆಂಬಂತೆ ನಾವೆಲ್ಲ ಕಾಕು ಎನ್ನುತ್ತಿದ್ದ ಅವಳು ನಮ್ಮ ಪಕ್ಕದ ಮನೆಯವಳು, ಎರಡನೆಯ ಸಂಬಂಧಕ್ಕೆ ಬಂದವಳು. ತೀರಿಹೋದ ಮೊದಲ ಹೆಂಡತಿಯ ಮುಖವನ್ನು ಬೆಳ್ಳಿಯಲ್ಲಿ ಕೆತ್ತಿಸಿ ಎರಡನೆಯವಳ ಕೊರಳಿಗೆ ಕಟ್ಟುವುದು ಅವರ ಮನೆತನದ ಪದ್ಧತಿ. ಕೆತ್ತಿದವನು ಆಕೆಯನ್ನು ಕಂಡಿದ್ದನೋ ಇಲ್ಲವೋ, ಯಾರಿಗೆ ಗೊತ್ತು. ಫೋಟೋ ಅಂತೂ ಇರಲಿಲ್ಲ. ಸವತಿ ಎಂಬ ಮಾತು ಕಾಕುವಿನ ಬಾಯಲ್ಲಿ ಬಂದದ್ದನ್ನು ನಾನು ಎಂದೂ ಕೇಳಿಲ್ಲ; ಅಕ್ಕ ಎಂದೇ ಕರೆಯುತ್ತಿದ್ದಳು. ಅಕ್ಕ ಬಿಟ್ಟುಹೋದ ಕೂಸನ್ನು ಎತ್ತಿಕೊಂಡು, ಬಿಲ್ಲೆ ತೋರಿಸಿ, "ನೋಡಪಾ, ನಿಮ್ಮವ್ವ" ಎನ್ನುತ್ತಲೇ ಬೆಳೆಸಿದಳಂತೆ. ಹೊಸ ಸೀರೆ ಬಂದರೆ ಮಡಿಕೆ ಬಿಚ್ಚಿ, ಸೆರಗನ್ನು ಮೊದಲು ಬಿಲ್ಲೆಗೆ ಮುಟ್ಟಿಸುತ್ತಿದ್ದಳು.

"ಅಕ್ಕಾ, ಮೊದಲ ನೀ ಉಟ್ಕೋವಾ, ಆಮ್ಯಾಲ ನಾ. ಹಸರು ಅಂದ್ರ ನಿನಗ ಭಾಳ ಸೇರತೈತಿ."

ಕಾಣದ ಹೆಂಗಸಿಗೆ ಹಸಿರು ಸೇರುತ್ತದೆಂದು ಇವಳಿಗೆ ಹೇಗೆ ಗೊತ್ತು ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು.

ಆ ಕೂಸು ದೊಡ್ಡವನಾಗಿ ಮದುವೆಯಾದ. ಸೊಸೆ ಹಾವೇರಿಯವಳು, ಅಚ್ಚುಕಟ್ಟಿನ ಹುಡುಗಿ. ಅತ್ತೆಯ ಮೇಲೆ ನಿಜಕ್ಕೂ ಜೀವ. ನಾನು ತವರಿಗೆ ಹೋಗಿದ್ದ ಒಂದು ದೀಪಾವಳಿಯಲ್ಲಿ, ತೊಳೆಸಿ ತರುವೆನೆಂದು ಬಿಲ್ಲೆ ಒಯ್ದವಳು ಅದನ್ನು ಫಳಫಳ ಹೊಳೆಸಿ ತಂದಳು.

"ಮುಖ ಸವದು ಏನೂ ಕಾಣ್ತಿದ್ದಿಲ್ಲರಿ ಅತ್ತಿ. ತಿಕ್ಕಿಸಿ ಲಕ್ಷ್ಮೀನ ಕೆತ್ತಿಸೇನಿ."

ಕಾಕು ಬಿಲ್ಲೆಯನ್ನು ತಿರುಗಿಸಿ ನೋಡಿದಳು. ಹಿಂದೆಯೂ ನುಣ್ಣಗಿತ್ತು. ಮಗನ ಕಡೆ ನೋಡಿದಳು; ಅವನು ಬಾಗಿಲ ಕಡೆ ನೋಡುತ್ತಿದ್ದ. "ಚಂದ ಐತವಾ," ಎಂದು ಕೊರಳಿಗೆ ಹಾಕಿಕೊಂಡಳು. ನನಗೆ ಸಿಟ್ಟು ಬಂತು, ಆದರೆ ಯಾರ ಮೇಲೆ ಮಾಡುವುದು? ಸೊಸೆ ಒಳಗೆ ಹೋದ ಮೇಲೆ ಕಾಕು ನನ್ನ ಕೈ ಹಿಡಿದಳು.

"ಲಕ್ಷ್ಮೀನ ಬ್ಯಾಡ ಅನ್ನಾಕ ಬರತೈತೇನ, ನೀನ ಹೇಳು?"



ಆ ಹಬ್ಬದ ಸೀರೆಯ ಮಡಿಕೆಯನ್ನು ಅವಳು ಬಿಚ್ಚಲಿಲ್ಲ. ಮುಂದೆ ಬಂದವನ್ನೂ ಬಿಚ್ಚಲಿಲ್ಲ. ಕೇಳಿದವರಿಗೆ, ಹಳೆಯವೇ ಮೈಗೆ ಮೆತ್ತಗಿವೆ ಎನ್ನುತ್ತಿದ್ದಳು. ಹಳೆಯ ಸೀರೆಯಲ್ಲೇ ಹೋದಳು...

"ಕರಗಸೋ ಮಾಲರಿ ಅದು," ಎಂದ ಅಂಗಡಿಯವನು, ನಾನು ಬಿಲ್ಲೆ ಹಿಡಿದು ಕುಳಿತದ್ದನ್ನು ಕಂಡು. "ಬೇಕಂದ್ರ ಮುಖ ತಿಕ್ಕಿ ಕೀ ಚೈನ್ ಮಾಡಿ ಕೊಡ್ತೀವಿ."

ಯಾರ ಮನೆಯ ಅಕ್ಕನೋ, ಯಾರು ತಂದು ಹಾಕಿದರೋ. ಕೊಂಡರೂ ನಾನು ಅವಳಿಗೆ ಏನಾಗಬೇಕೆಂದು ಕೊರಳಿಗೆ ಕಟ್ಟಿಕೊಳ್ಳಲಿ? ಬಿಟ್ಟು ಬರಲೂ ಮನಸ್ಸಾಗಲಿಲ್ಲ. ಆಗಷ್ಟೇ ಕೊಂಡ ಸೀರೆ ಕೈಚೀಲದಲ್ಲಿತ್ತು. ಅವನು ಕಾಲುಂಗುರದತ್ತ ಬಗ್ಗಿದಾಗ ಮಡಿಕೆ ಬಿಚ್ಚಿ, ಸೆರಗಿನ ತುದಿಯನ್ನು ಆ ಮುಖಕ್ಕೆ ಮುಟ್ಟಿಸಿದೆ. ಅಕ್ಕಾ ಎನ್ನಲು ಬಾಯಿ ಬರಲಿಲ್ಲ. ಬಿಲ್ಲೆಯನ್ನು ಮತ್ತೆ ಅದೇ ತಟ್ಟೆಯಲ್ಲಿಟ್ಟು, ಕಾಲುಂಗುರ ಈಸಿಕೊಂಡು ಎದ್ದು ಬಂದೆ.